ಒಂದು ಕಾಫಿ ಕುಯ್ಲು, ಒಬ್ಬರು ಪ್ರಾಡಕ್ಟ್ ಮ್ಯಾನೇಜರ್, ಒಬ್ಬರು ಸ್ಥಾಪಕರು: ಆರು ತಿಂಗಳ ಪ್ರಕರಣ

ಕುಶಾಲನಗರದಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಇದೆ. ಒಟ್ಟು 11 ಜನ. ಕಾಫಿ ತೋಟಗಳಿಗೆ ಒಂದು ಆಪ್ ಮಾಡಿಕೊಡುತ್ತಾರೆ. ಕೆಲಸದವರ ಹಾಜರಿ, ಕುಯ್ಲಿನ ತೂಕ, ಮುಂಗಡದ ಲೆಕ್ಕ, ವಾರದ ಬಟವಾಡೆ, ಹೀಗೆ ತೋಟದ ರೈಟರ್ (ಲೆಕ್ಕ ಬರೆಯುವವರು) ಚೆಕ್‌ರೋಲಿನಲ್ಲಿ ಬರೆಯುವುದೆಲ್ಲ ಫೋನಿನಲ್ಲೇ ಆಗಬೇಕು ಅನ್ನುವುದು ಅವರ ಆಸೆ. ಆಪಿನಲ್ಲಿ ಏನು ಕಟ್ಟಬೇಕು, ಯಾಕೆ ಕಟ್ಟಬೇಕು ಅಂತ ನೋಡಿಕೊಳ್ಳಲಿಕ್ಕೆ ಒಬ್ಬರು ಪ್ರಾಡಕ್ಟ್ ಮ್ಯಾನೇಜರ್ ಇದ್ದಾರೆ. ಅಕ್ಟೋಬರಿನಲ್ಲಿ ಕಾವೇರಿ ಸಂಕ್ರಮಣ ಮುಗಿದು ಎರಡು ದಿನಕ್ಕೆ ಸ್ಥಾಪಕರು ನನಗೆ ಫೋನ್ ಮಾಡಿದರು. "ನಮ್ಮ ಪ್ರಾಡಕ್ಟ್ ಮ್ಯಾನೇಜರ್‌ಗೆ ಸ್ವಲ್ಪ ಕೋಚಿಂಗ್ ಬೇಕು. ಹುಡುಗಿ ಒಳ್ಳೆಯವಳು, ತುಂಬಾ ಕಷ್ಟಪಡ್ತಾಳೆ. ಆದ್ರೆ ಜವಾಬ್ದಾರಿ ತಗೊಳ್ಳಲ್ಲ. ಎಲ್ಲದಕ್ಕೂ ನನ್ನ ಮುಖ ನೋಡ್ತಾಳೆ" ಎಂದರು.

ಆ ಕೊನೆಯ ಮಾತನ್ನು ನನ್ನ ಪುಸ್ತಕದಲ್ಲಿ ಹಾಗೇ ಬರೆದುಕೊಂಡೆ. ಮುಂದಿನ ಆರು ತಿಂಗಳ ಕೆಲಸ ಪೂರ್ತಿ ಅದರ ಸುತ್ತಲೇ ನಡೆಯಿತು.

ನಾನು ಬೆಂಗಳೂರಿನಲ್ಲಿ ಬಹಳ ವರ್ಷ ಪ್ರಾಡಕ್ಟ್ ಕೆಲಸ ಮಾಡಿ, ಈಗ ಸುಂಟಿಕೊಪ್ಪದ ಮನೆಯಲ್ಲಿದ್ದುಕೊಂಡು ಪ್ರಾಡಕ್ಟ್ ಮ್ಯಾನೇಜರ್‌ಗಳಿಗೆ, ಅವರ ಮೇಲಿನವರಿಗೆ ಕೋಚಿಂಗ್ ಮಾಡುತ್ತೇನೆ. ಈ ಪ್ರಕರಣವನ್ನು ಇಬ್ಬರ ಒಪ್ಪಿಗೆ ಕೇಳಿ, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ನಮ್ಮ ಭಾಷೆಯಲ್ಲಿ ಈ ಕೆಲಸದ ಬಗ್ಗೆ ಬರೆದದ್ದು ತುಂಬಾ ಕಡಿಮೆ. ಜಿಲ್ಲೆಗಳಲ್ಲಿ ಕೂತು ಪ್ರಾಡಕ್ಟ್ ಕಟ್ಟುವವರು ಈಗ ಜಾಸ್ತಿ ಆಗುತ್ತಿದ್ದಾರೆ, ಅವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲ ಹದಿನೈದು ದಿನ

ಆಕೆ ಸೋಮವಾರಪೇಟೆ ಕಡೆಯವರು. ವಯಸ್ಸು 28. ಇದೇ ಕಂಪನಿಗೆ ಸಪೋರ್ಟ್ ಕೆಲಸಕ್ಕೆ ಸೇರಿದ್ದರು. ಫೋನಿನಲ್ಲಿ ರೈಟರ್‌ಗಳ ದೂರು ಕೇಳಿ ಕೇಳಿ ಆಪಿನ ಮೂಲೆ ಮೂಲೆಯೂ ಗೊತ್ತಾಗಿತ್ತು, ಹಾಗಾಗಿ ಎರಡು ವರ್ಷದ ಹಿಂದೆ ಪ್ರಾಡಕ್ಟ್ ಮ್ಯಾನೇಜರ್ ಮಾಡಿದರು. ಹುದ್ದೆಯ ಹೆಸರು ಬದಲಾಯಿತು. ಈ ಹುದ್ದೆಯಲ್ಲಿ ಏನು ಮಾಡಬೇಕು ಅಂತ ಯಾರೂ ಕೂತು ಹೇಳಿಕೊಡಲಿಲ್ಲ. ಇದು ಆ ಕಂಪನಿಯೊಂದರದೇ ಕಥೆ ಅಂತ ಅಂದುಕೊಳ್ಳಬೇಡಿ, ನಾನು ನೋಡಿದ ಹೆಚ್ಚಿನ ಕಡೆ ಹೀಗೆಯೇ ಆಗುತ್ತದೆ.

ನಾನು ಯಾರ ಜೊತೆ ಕೆಲಸ ಶುರು ಮಾಡಿದರೂ ಮೊದಲು ಹದಿನೈದು ದಿನ ಸುಮ್ನೆ ನೋಡುತ್ತೇನೆ. ಯಾವುದೇ ಫೀಚರ್ ಬಗ್ಗೆ ಪ್ರಾಡಕ್ಟ್ ಮ್ಯಾನೇಜರ್ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆ ಇವೆ: ಇದು ಜನಕ್ಕೆ ಬೇಕಾ, ಅವರಿಗೆ ಬಳಸಲಿಕ್ಕೆ ಆಗುತ್ತದಾ, ನಮ್ಮ ಕೈಯಲ್ಲಿ ಕಟ್ಟಲಿಕ್ಕೆ ಆಗುತ್ತದಾ, ನಮ್ಮ ವ್ಯವಹಾರಕ್ಕೆ ಹೊಂದುತ್ತದಾ. ಆಕೆಯ ಹಿಂದಿನ ಒಂದು ವರ್ಷದ ಬರಹಗಳನ್ನೆಲ್ಲ ಈ ನಾಲ್ಕು ಪ್ರಶ್ನೆ ಇಟ್ಟುಕೊಂಡು ಓದಿದೆ. ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರ ಇತ್ತು. ಟಿಕೆಟ್‌ಗಳು (ಡೆವಲಪರ್‌ಗಳಿಗೆ ಬರೆದುಕೊಡುವ ಕೆಲಸದ ಚೀಟಿ) ಚೊಕ್ಕ, ಸ್ಪ್ರಿಂಟ್, ಅಂದರೆ ಒಂದೆರಡು ವಾರಕ್ಕೆ ಹಂಚಿಕೊಂಡ ಕೆಲಸ, ಹೇಳಿದ ದಿನ ಮುಗಿಯುತ್ತಿತ್ತು, ಡೆವಲಪರ್‌ಗಳಿಗೆ ಆಕೆಯ ಮೇಲೆ ನಂಬಿಕೆ. ಆದರೆ ಒಂದು ಫೀಚರ್ ಯಾಕೆ ಬೇಕು ಅನ್ನುವ ಜಾಗದಲ್ಲಿ ಎಲ್ಲ ಕಡೆ ಒಂದೇ ಮಾತು: "ಸರ್ ಹೇಳಿದ್ದಾರೆ."

ಇಷ್ಟು ನೋಡಿದರೆ ಸ್ಥಾಪಕರು ಹೇಳಿದ್ದು ಸರಿ ಅನ್ನಿಸುತ್ತದೆ. ಆದರೆ ಅದೇ ವಾರ ಅವರ ಸೋಮವಾರದ ಮೀಟಿಂಗಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಒಂದೇ ಒಂದು ವಿಷಯ ಎಣಿಸಿದೆ. ಡೆವಲಪರ್‌ಗಳು ಆಕೆಗೆ ಒಂಬತ್ತು ಪ್ರಶ್ನೆ ಕೇಳಿದರು. ಏಳಕ್ಕೆ ಆಕೆ ಬಾಯಿ ತೆರೆಯುವ ಮೊದಲೇ ಸ್ಥಾಪಕರು ಉತ್ತರ ಕೊಟ್ಟಿದ್ದರು. ಉಳಿದ ಎರಡಕ್ಕೆ ಆಕೆ ಉತ್ತರ ಹೇಳಿದರು, ಅದರಲ್ಲಿ ಒಂದನ್ನು ಸ್ಥಾಪಕರು ಅಲ್ಲೇ ತಿದ್ದಿದರು. ಅವರು ಕೋಪದಿಂದ ಮಾಡಿದ್ದಲ್ಲ. ಅಪ್ಪನ ಕಾಲದಿಂದ ತೋಟ ನೋಡಿದವರು, ಉತ್ತರ ಅವರಿಗೆ ನಿಜವಾಗಿಯೂ ಗೊತ್ತಿತ್ತು. ಆದರೆ ಎರಡು ವರ್ಷ ವಾರ ವಾರ ಹೀಗೆ ನಡೆದರೆ ಯಾರಾದರೂ ಮುಖ ನೋಡುವುದನ್ನೇ ಕಲಿಯುತ್ತಾರೆ, ಅಲ್ವಾ?

ನಾನು ಮಾಡಿದ ತಪ್ಪು

ಇಷ್ಟು ಕಂಡಮೇಲೂ ನಾನು ನವೆಂಬರ್ ತಿಂಗಳು ಪೂರ್ತಿ ಆಕೆಯ ಜೊತೆ ಮಾತ್ರ ಕೆಲಸ ಮಾಡಿದೆ. ಸ್ಥಾಪಕರು ದುಡ್ಡು ಕೊಟ್ಟು ಕರೆಸಿದ್ದು ಆಕೆಗೆ ಕೋಚಿಂಗ್ ಮಾಡಲಿಕ್ಕೆ. ಮೊದಲ ತಿಂಗಳಲ್ಲೇ ಅವರನ್ನು ಕೂರಿಸಿ "ತೊಂದರೆ ನಿಮ್ಮಲ್ಲಿದೆ" ಅನ್ನಲು ನನಗೆ ಧೈರ್ಯ ಸಾಲಲಿಲ್ಲ. ಅದರಿಂದ ಆಕೆಯ ಒಂದು ತಿಂಗಳು ಹಾಳಾಯಿತು. ಇದನ್ನು ಇಲ್ಲಿ ಬರೆಯದೆ ಬಿಟ್ಟರೆ ಉಳಿದದ್ದು ಓದಿ ಪ್ರಯೋಜನ ಇಲ್ಲ.

ಎರಡನೆಯ ತಪ್ಪೂ ಇತ್ತು. ಕೋಚಿಂಗ್ ಕಲಿತವರಿಗೆಲ್ಲ ಗ್ರೋ ಅನ್ನುವ ಕ್ರಮ ಗೊತ್ತಿರುತ್ತದೆ. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬಂದದ್ದು. ಗುರಿ ಏನು, ಈಗ ಎಲ್ಲಿದ್ದೀರಿ, ಯಾವ ಯಾವ ದಾರಿ ಇದೆ, ಏನು ಮಾಡುತ್ತೀರಿ ಅಂತ ಕೇಳುತ್ತಾ ಹೋಗುವುದು. ಕೋಚ್ ಉತ್ತರ ಹೇಳಬಾರದು, ಎದುರಿನವರ ಒಳಗಿನಿಂದ ತೆಗೆಯಬೇಕು. ಒಳ್ಳೆಯ ಕ್ರಮವೇ. ಆದರೆ ಒಬ್ಬರು ಒಮ್ಮೆಯೂ ಬಳಕೆದಾರರನ್ನು ಎದುರೆದುರು ಕೂರಿಸಿ ಮಾತಾಡಿಸಿಲ್ಲ, ಒಂದು ಸಣ್ಣ ಪ್ರಯೋಗ ಹೇಗೆ ಮಾಡುವುದು ಅಂತ ಯಾರೂ ತೋರಿಸಿಲ್ಲ ಅಂದಮೇಲೆ, ಅವರ ಮುಂದೆ ಕೂತು "ನಿಮ್ಮ ಮುಂದೆ ಯಾವ ದಾರಿ ಇದೆ ಹೇಳಿ" ಅಂತ ಕೇಳಿದರೆ ಅದು ಹಿಂಸೆ. ಮೂರನೆಯ ವಾರ ಆಕೆ ನೇರವಾಗಿ ಹೇಳಿದರು: "ಸರ್, ನೀವು ಪ್ರಶ್ನೆ ಕೇಳ್ತೀರಿ, ಅವರು ಉತ್ತರ ಹೇಳ್ತಾರೆ. ನಾನು ಎರಡರ ಮಧ್ಯೆ ಇದ್ದೀನಿ. ನಂಗೆ ಯಾರಾದ್ರೂ ಹೇಗೆ ಅಂತ ತೋರಿಸಿಕೊಡಿ."

ಆವತ್ತಿನಿಂದ ನಾನು ಕಲಿಸುವುದು ಬೇರೆ, ಕೋಚಿಂಗ್ ಬೇರೆ ಅಂತ ಇಟ್ಟುಕೊಂಡಿದ್ದೇನೆ. ಗೊತ್ತಿಲ್ಲದ ಕೆಲಸವನ್ನು ಪಕ್ಕದಲ್ಲಿ ನಿಂತು ಮಾಡಿ ತೋರಿಸಬೇಕು. ಎರಡು ಸಲ ಮಾಡಿಸಬೇಕು. ಪ್ರಶ್ನೆ ಆಮೇಲೆ.

ಹುತ್ತರಿ ಊಟದ ಮಾತು

ಅಷ್ಟರಲ್ಲಿ ಮುಖ ಗುರುತಿಸುವ ಹಾಜರಿಯ ಮಾತು ಬಂತು. ಬೆಳಿಗ್ಗೆ ಫೋನ್ ಹಿಡಿದರೆ ಸಾಕು, ಯಾರು ಬಂದಿದ್ದಾರೆ ಅಂತ ಆಪೇ ಬರೆದುಕೊಳ್ಳಬೇಕು. ಸ್ಥಾಪಕರು ಎಲ್ಲೋ ಡೆಮೊ ನೋಡಿ ಬಂದಿದ್ದರು. ಜನವರಿಗೆ ಬೇಕು ಅಂದರು. ಆಕೆ ಎರಡೇ ದಿನದಲ್ಲಿ ಚೊಕ್ಕವಾದ ಬರಹ ಮಾಡಿಕೊಟ್ಟರು. ಯಾಕೆ ಅನ್ನುವ ಜಾಗದಲ್ಲಿ ಮತ್ತೆ ಅದೇ, ಸರ್ ಹೇಳಿದ್ದಾರೆ.

ನಾನು ಸ್ಥಾಪಕರ ಜೊತೆ ಕೂತು ಸೋಮವಾರದ ಮೀಟಿಂಗಿನ ಎಣಿಕೆ ತೋರಿಸಿದೆ. ಒಂಬತ್ತರಲ್ಲಿ ಏಳು. ಅವರಿಗೆ ಬೇಸರವಾಯಿತು. "ಹಾಗಾದ್ರೆ ತಪ್ಪು ಉತ್ತರ ಹೇಳಿದ್ರೂ ಬಾಯಿ ಮುಚ್ಚಿಕೊಂಡು ಕೂರಬೇಕಾ? ಸಂಬಳ ಕೊಡೋದು ನಾನು" ಎಂದರು. ನಾನು ಅಮೆಜಾನಿನ ಜೆಫ್ ಬೆಜೋಸ್ 2015ನೇ ಸಾಲಿನ ಷೇರುದಾರರ ಪತ್ರದಲ್ಲಿ ಹೇಳಿದ ಮಾತು ಹೇಳಿದೆ. ಕೆಲವು ತೀರ್ಮಾನ ಒಂದೇ ಕಡೆ ತೆರೆಯುವ ಬಾಗಿಲಿನ ಹಾಗೆ, ಒಮ್ಮೆ ದಾಟಿದರೆ ವಾಪಸ್ ಬರಲಿಕ್ಕಾಗುವುದಿಲ್ಲ. ಹೆಚ್ಚಿನವು ಎರಡೂ ಕಡೆ ತೆರೆಯುವ ಬಾಗಿಲು, ಸರಿ ಇಲ್ಲದಿದ್ದರೆ ಹಿಂದೆ ಬರಬಹುದು, ಅಂಥವನ್ನು ಕೆಳಗಿನವರಿಗೆ ಬಿಡಬೇಕು. ಅವರು ತಲೆಯಾಡಿಸಿದರು. ಮುಂದಿನ ಸೋಮವಾರ ಮತ್ತೆ ಅದೇ ನಡೆಯಿತು.

ಆಮೇಲೆ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬಂತು. ಸ್ಥಾಪಕರು ಮನೆಗೆ ಊಟಕ್ಕೆ ಕರೆದರು. ಬೇಸರ ಇದ್ದರೂ ಕರೆದರು, ಅದು ಅವರ ದೊಡ್ಡ ಗುಣ. ಊಟ ಆದಮೇಲೆ ಅವರ ತಂದೆ ಜಗಲಿಯಲ್ಲಿ ಕೂತು ತೋಟದ ವಿಷಯ ತೆಗೆದರು. ಹೊಸದಾಗಿ ಸೇರಿಕೊಂಡ ರೈಟರ್ ಬಗ್ಗೆ ಮಾತು ಬಂತು. ನಾನು ಕೇಳಿದೆ, ಹೊಸಬರಿಗೆ ಯಾವ ಕೆಲಸ ಬಿಡುತ್ತೀರಿ, ಯಾವುದು ಬಿಡಲ್ಲ ಅಂತ. ಅವರು ಯೋಚನೆಯನ್ನೇ ಮಾಡದೆ ಹೇಳಿದರು: "ಕಾಫಿ ಗಿಡದ ಬೇಡದ ಚಿಗುರು ತೆಗೆಸೋದು ಮೊದಲ ವರ್ಷವೇ ಬಿಡ್ತೀನಿ. ಜಾಸ್ತಿ ತೆಗೆದ್ರೂ ಮತ್ತೆ ಬರ್ತದೆ, ಕಡಿಮೆ ತೆಗೆದ್ರೆ ಮುಂದಿನ ಸುತ್ತಿಗೆ ತೆಗೆದ್ರಾಯ್ತು. ಮರ ಕಪಾತಿಗೆ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಸೋದಕ್ಕೆ, ಮಾತ್ರ ನಾನೇ ನಿಲ್ತೀನಿ. ನೆರಳು ಒಂದ್ಸಲ ಹೋದ್ರೆ ಗಿಡ ಸುಟ್ಟು ಹೋಗ್ತದೆ, ಆ ಕೊಂಬೆ ಮತ್ತೆ ಬರೋಕೆ ಎಷ್ಟು ವರ್ಷ!"

ನಾನು ಸ್ಥಾಪಕರ ಕಡೆ ನೋಡಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಪ್ಪನನ್ನೇ ಕೇಳಿದರು, "ಚಿಗುರು ತೆಗೆಸುವಾಗ ಅವ ತಪ್ಪು ಮಾಡ್ತಿದ್ದರೆ ನೀವು ನೋಡ್ತಾ ಇರ್ತೀರಾ?" ತಂದೆ ಹೇಳಿದ್ದು: "ಸಂಜೆ ಕೇಳ್ತೀನಿ. ತೋಟದ ಆ ಭಾಗದಲ್ಲಿ ಯಾಕೆ ಹಾಗೆ ಬಿಟ್ಟೆ ಅಂತ. ಆಳುಗಳ ಎದುರು ಕೇಳಲ್ಲ."

ಒಂದೇ ಕಡೆ ತೆರೆಯುವ ಬಾಗಿಲು, ಎರಡೂ ಕಡೆ ತೆರೆಯುವ ಬಾಗಿಲು ಅಂತ ನಾನು ವಿವರಿಸಿದ್ದು ಅವರ ಕಿವಿಯ ಹೊರಗೇ ನಿಂತಿತ್ತು. ಅದೇ ವಿಷಯ ಅವರ ಮನೆಯಲ್ಲಿ ಎಷ್ಟೋ ವರ್ಷದಿಂದ ನಡೆದುಕೊಂಡು ಬಂದಿತ್ತು. ಹೊರಗಿನಿಂದ ಒಂದು ವಿಚಾರ ತರುವ ಮೊದಲು, ಎದುರಿನವರು ಬೇರೆ ಯಾವ ಕೆಲಸದಲ್ಲಿ ಅದನ್ನು ಆಗಲೇ ಸರಿಯಾಗಿ ಮಾಡುತ್ತಿದ್ದಾರೆ ಅಂತ ಹುಡುಕುವುದು ನನಗೆ ಅಲ್ಲಿಂದ ಅಭ್ಯಾಸವಾಯಿತು.

ಮರುದಿನ ಅವರೇ ಫೋನ್ ಮಾಡಿದರು. ಮೂವರೂ ಕೂತೆವು. ಯಾವ ತೀರ್ಮಾನ ಚಿಗುರು, ಯಾವುದು ಮರ ಕಪಾತು ಅಂತ ಅವರಿಬ್ಬರೇ ಹಂಚಿಕೊಂಡರು. ಬೆಲೆ, ತೋಟದವರ ಜೊತೆಗಿನ ಒಪ್ಪಂದ, ಕೆಲಸದವರ ಗುರುತಿನ ವಿವರ ಎಲ್ಲಿ ಇಡುವುದು, ಇವು ಸ್ಥಾಪಕರವು. ಸ್ಕ್ರೀನ್ ಹೇಗಿರಬೇಕು, ಯಾವ ತೊಂದರೆ ಮೊದಲು ಹಿಡಿಯಬೇಕು, ಯಾವ ತೋಟದಲ್ಲಿ ಪ್ರಯೋಗ ಮಾಡಬೇಕು, ಇವು ಆಕೆಯವು. ಆಕೆ ಒಂದು ನೋಟ್‌ಪುಸ್ತಕ ಇಡುವುದು ಅಂತಾಯಿತು. ತೀರ್ಮಾನಕ್ಕೆ ಮೊದಲು ಒಂದು ಪುಟ: ನಾನು ಏನು ಅಂದುಕೊಂಡಿದ್ದೇನೆ, ಯಾಕೆ, ಏನು ಕಂಡರೆ ಮನಸ್ಸು ಬದಲಿಸುತ್ತೇನೆ, ಯಾವ ತಾರೀಕಿಗೆ ತಿರುಗಿ ನೋಡುತ್ತೇನೆ. ಸ್ಲೈಡ್ ಬೇಡ, ಪೂರ್ತಿ ವಾಕ್ಯ ಬರೆಯಿರಿ ಅಂತ ನಾನು ಒತ್ತಿ ಹೇಳಿದೆ. ಚುಕ್ಕೆ ಇಟ್ಟು ಬರೆದ ಸಾಲಿನಲ್ಲಿ "ಯಾಕೆ" ಅನ್ನುವುದು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಅಮೆಜಾನಿನ ಹಿರಿಯರ ಸಭೆಗಳಲ್ಲಿ 2004ರಲ್ಲಿ ಸ್ಲೈಡ್ ಬಿಟ್ಟು ಬರೆದ ಟಿಪ್ಪಣಿ ಓದುವ ಪದ್ಧತಿ ತಂದದ್ದೂ ಇಂಥದೇ ಕಾರಣಕ್ಕೆ. ಸ್ಥಾಪಕರು ಶುಕ್ರವಾರ ಒಂದು ಗಂಟೆ ಆ ಪುಟ ಓದಬೇಕು. ಪ್ರಶ್ನೆ ಕೇಳಬಹುದು. ಆಕೆಯ ಪಾಲಿನ ತೀರ್ಮಾನಕ್ಕೆ ಉತ್ತರ ಹೇಳುವಂತಿಲ್ಲ.

ಆ ಶುಕ್ರವಾರದ ಒಂದು ಗಂಟೆಯೇ ಈ ಪ್ರಕರಣದ ಜೀವ. ಪ್ರಾಡಕ್ಟ್ ಮ್ಯಾನೇಜರನ್ನು ಬೆಳೆಸುವುದು ಅವರ ಮೇಲಿನವರ ಕೆಲಸ. ನನ್ನಂಥ ಹೊರಗಿನ ಕೋಚ್ ತಿಂಗಳಿಗೆ ನಾಲ್ಕು ಸಲ ಬಂದು ಹೋಗುತ್ತಾನೆ. ಉಳಿದ ದಿನ ಆಕೆಯ ಮುಂದೆ ಇರುವವರು ಸ್ಥಾಪಕರು. ಅವರು ಬದಲಾಗದೆ ಆಕೆ ಒಬ್ಬರೇ ಬದಲಾಗುವುದು ನಾನಂತೂ ಎಲ್ಲೂ ನೋಡಿಲ್ಲ.

ತೂಕದ ಹೊತ್ತು

ಜನವರಿಯಲ್ಲಿ ರೋಬಸ್ಟಾ ಜಾತಿಯ ಕಾಫಿಯ ಕುಯ್ಲು ಶುರು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು, ಅದರಲ್ಲಿ ಕೊಡಗಿನ ಪಾಲು ಎಲ್ಲಕ್ಕಿಂತ ದೊಡ್ಡದು, ಕೊಡಗಿನಲ್ಲಿ ರೋಬಸ್ಟಾವೇ ಜಾಸ್ತಿ. ಈ ಆಪಿನಲ್ಲಿ ಕುಯ್ಲಿನ ತೂಕ ಬರೆಯುವ ಭಾಗವನ್ನು ಪರೀಕ್ಷಿಸಲಿಕ್ಕೆ ವರ್ಷದಲ್ಲಿ ಸಿಗುವುದು ಇದೊಂದು ಅವಕಾಶ. ಬೆಂಗಳೂರಿನ ಆಪ್ ಆದರೆ ಇವತ್ತು ತಪ್ಪಿದ್ದನ್ನು ನಾಳೆ ತಿದ್ದಬಹುದು. ಇಲ್ಲಿ ಮಾರ್ಚ್ ದಾಟಿದರೆ ಮುಂದಿನ ಕುಯ್ಲಿಗೇ ಗೊತ್ತಾಗುವುದು. ಹಿಂದಿನ ವರ್ಷ ಹೆಚ್ಚಿನ ತೋಟಗಳು ಕುಯ್ಲಿನ ಶುರುವಿನಲ್ಲಿ ಉತ್ಸಾಹದಿಂದ ಬರೆದು ಜನವರಿ ನಡುವಿನಲ್ಲಿ ತೂಕ ಬರೆಯುವುದು ನಿಲ್ಲಿಸಿದ್ದವು. ಯಾಕೆ ಅಂತ ಕೇಳಿದರೆ ಕಂಪನಿಯಲ್ಲಿ ಇದ್ದ ಉತ್ತರ, "ರೈಟರ್‌ಗಳಿಗೆ ಫೋನ್ ಬಳಸಲಿಕ್ಕೆ ಬರಲ್ಲ."

ನಾನು ಆಕೆಗೆ ಒಂದು ಹಳೆಯ ಸಂಗತಿ ಹೇಳಿದೆ. ಪ್ರಾಡಕ್ಟ್ ಮ್ಯಾನೇಜರ್ ಅನ್ನುವ ಕೆಲಸದ ಬೇರು ಹುಡುಕಿದರೆ ಸಿಗುವುದು ಸಾಫ್ಟ್‌ವೇರ್ ಅಲ್ಲ, ಸೋಪು. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿಯಲ್ಲಿ ಕೇಮೇ ಸೋಪಿನ ಜಾಹೀರಾತು ನೋಡುತ್ತಿದ್ದ ನೀಲ್ ಮೆಕೆಲ್ರಾಯ್, ಒಂದೊಂದು ಬ್ರ್ಯಾಂಡಿಗೂ ಅದನ್ನೇ ನೋಡಿಕೊಳ್ಳುವ ಜನ ಬೇಕು ಅಂತ ಮೇಲಿನವರಿಗೆ ಒಂದು ಪತ್ರ ಬರೆದ. ಅವನಿಗಾಗ 26 ವರ್ಷ. ಮಾರಾಟ ಎಲ್ಲಿ ಚೆನ್ನಾಗಿಲ್ಲವೋ ಆ ಊರಿಗೆ ತಾನೇ ಹೋಗಿ, ಅಂಗಡಿಯವರನ್ನೂ ಕೊಳ್ಳುವವರನ್ನೂ ಕಂಡು ಕಾರಣ ತಿಳಿಯಬೇಕು ಅನ್ನುವುದು ಆ ಕೆಲಸದ ಪಟ್ಟಿಯಲ್ಲೇ ಇತ್ತು. ಆಕೆ ಇದನ್ನು ಕೇಳಿ, "ಸರ್, ನಾನು ಎರಡು ವರ್ಷದಲ್ಲಿ ತೂಕದ ಹೊತ್ತಿಗೆ ಒಂದು ಸಲವೂ ತೋಟದಲ್ಲಿ ಇರಲಿಲ್ಲ" ಎಂದರು. ರೈಟರ್‌ಗಳ ಜೊತೆ ಆಕೆ ದಿನಾ ಮಾತಾಡುತ್ತಿದ್ದರು, ಆದರೆ ಎಲ್ಲವೂ ಫೋನಿನಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ.

ದಕ್ಷಿಣ ಕೊಡಗಿನ ಒಂದು ತೋಟಕ್ಕೆ ಇಬ್ಬರೂ ಹೋದೆವು. ಮೊದಲ ಸಂಜೆ ನಾನು ಮಾತಾಡಿಸಿದೆ, ಆಕೆ ನೋಡಿದರು. ಎರಡನೆಯ ಸಂಜೆ ಆಕೆ ಮಾತಾಡಿಸಿದರು, ನಾನು ದೂರ ನಿಂತೆ. ಮೂರನೆಯ ಸಂಜೆಗೆ ನಾನು ಹೋಗಲೇ ಇಲ್ಲ.

ಅಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ನಾಲ್ಕೂವರೆ ಹೊತ್ತಿಗೆ ಕುಯ್ದ ಹಣ್ಣಿನ ಚೀಲಗಳು ತೋಟದ ದಾರಿಯ ಬದಿಗೆ ಬರುತ್ತವೆ. ಎಲ್ಲರಿಗೂ ಅವಸರ. ಕತ್ತಲಾದರೆ ಆನೆ. ಕತ್ತಲಾಗುವ ಮೊದಲು ಕೆಲಸದವರ ಲೈನ್‌ಮನೆ ಸೇರಬೇಕು. ತಕ್ಕಡಿಗೆ ಚೀಲ ಹಾಕುತ್ತಾರೆ, ಒಬ್ಬರು ತೂಕ ಕೂಗುತ್ತಾರೆ, ರೈಟರ್ ಬರೆಯುತ್ತಾರೆ. ಚೀಲ ಹಿಡಿದು ಅವರ ಕೈಗೂ ಹಣ್ಣಿನ ಅಂಟು. ಅಂಟಿದ ಬೆರಳಿಗೆ ಫೋನಿನ ಸ್ಕ್ರೀನ್ ಸ್ಪಂದಿಸುವುದಿಲ್ಲ. ಸಿಗ್ನಲ್ ಇಲ್ಲ. ಆಪ್ ಪ್ರತಿ ಚೀಲಕ್ಕೂ ಒಬ್ಬರ ಹೆಸರು ಹುಡುಕಲು ಹೇಳುತ್ತದೆ. ಆದರೆ ಗಂಡ, ಹೆಂಡತಿ, ಕೆಲವೊಮ್ಮೆ ತಮ್ಮನೂ ಸೇರಿ ಒಂದೇ ಚೀಲ ತುಂಬಿಸಿರುತ್ತಾರೆ. ಕೆಜಿ ಲೆಕ್ಕದ ದುಡ್ಡು ಒಟ್ಟಿಗೆ ಸೇರಬೇಕು. ಹಾಜರಿ ಮಾತ್ರ ಬೇರೆ ಬೇರೆ ಬೀಳಬೇಕು. ಪುಸ್ತಕದಲ್ಲಿ ರೈಟರ್ ಒಂದು ಆವರಣ ಹಾಕಿ ಮೂರು ಹೆಸರನ್ನು ಕೂಡಿಸಿಬಿಡುತ್ತಾರೆ. ಆಪಿನಲ್ಲಿ ಅದಕ್ಕೆ ದಾರಿಯೇ ಇಲ್ಲ.

ಆಕೆ ರೈಟರನ್ನು ಕೇಳಿದರು, "ಅಣ್ಣಾ, ಆಪಲ್ಲಿ ಯಾಕೆ ಬರೆಯಲ್ಲ?" ಅವರು ತಮ್ಮ ಪುಸ್ತಕ ತಿರುಗಿಸಿ ತೋರಿಸಿದರು. "ಮೇಡಂ, ಇಲ್ಲಿ ಆದ್ರೆ ಅವರು ಬಗ್ಗಿ ನೋಡ್ತಾರೆ, ನಾನು ಬರೆದದ್ದು ಅವರಿಗೆ ಕಾಣ್ತದೆ. ಫೋನಲ್ಲಿ ಬರೆದ್ರೆ ಏನು ಬರೆದೆ ಅಂತ ನಂಬಲ್ಲ. ಶನಿವಾರ ಬಟವಾಡೆ ದಿನ ಜಗಳ ಆಗೋದು ನಂಗೆ, ನಿಮಗಲ್ಲ."

ಆ ತೋಟದಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದರು. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ತಮ್ಮ ಚೀಲ ಎಷ್ಟು ತೂಗಿತು ಅಂತ ಪ್ರತಿಯೊಬ್ಬರೂ ಅಂಕಿ ನೋಡಿ ನೆನಪಿಟ್ಟುಕೊಳ್ಳುತ್ತಿದ್ದರು. ಒಬ್ಬಾಕೆ ಬೀಡಿ ಕಟ್ಟಿನ ಕಾಗದದ ಮೇಲೆ ಗೀಟು ಹಾಕಿ ಇಟ್ಟುಕೊಂಡಿದ್ದರು.

ಆವತ್ತು ರಾತ್ರಿ ಗೋಣಿಕೊಪ್ಪಲಿನಲ್ಲಿ ಊಟ ಮಾಡುವಾಗ ಆಕೆ ನೋಟ್‌ಪುಸ್ತಕದಲ್ಲಿ ಬರೆದ ಪುಟವನ್ನು ನಾನು ಓದಿದೆ. ಮುಖ ಗುರುತಿಸುವ ಹಾಜರಿ ಈ ವರ್ಷ ಬೇಡ ಅನ್ನುವುದು ಮೊದಲ ಸಾಲು. ಬೆಳಿಗ್ಗೆ ಹೆಸರು ಕೂಗುವಾಗ ಯಾರಿಗೂ ತೊಂದರೆ ಇಲ್ಲ, ತೊಂದರೆ ಇರುವುದು ಸಂಜೆ ತೂಕದಲ್ಲಿ, ಅದೂ ಬರೆಯುವ ವೇಗಕ್ಕಿಂತ ನಂಬಿಕೆಯಲ್ಲಿ. ಏನು ಕಂಡರೆ ಮನಸ್ಸು ಬದಲಿಸುತ್ತೇನೆ ಅನ್ನುವಲ್ಲಿ, "ಎರಡು ತೋಟದಲ್ಲಿ ಬೆಳಗಿನ ಹಾಜರಿಗೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುವುದು ಕಂಡರೆ" ಅಂತ ಇತ್ತು. ಎರಡು ವರ್ಷದಲ್ಲಿ ಮೊದಲ ಸಲ "ಸರ್ ಹೇಳಿದ್ದಾರೆ" ಇಲ್ಲದ ಪುಟ ಅದು. ನನಗೆ ತುಂಬಾ ಸಂತೋಷವಾಯಿತು, ಹೇಳಿಯೂ ಹೇಳಿದೆ.

ಶುಕ್ರವಾರ ಸ್ಥಾಪಕರು ಅದನ್ನು ಎರಡು ಸಲ ಓದಿದರು. ಅವರಿಗೆ ಇಷ್ಟವಾಗಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಕೇಳಿದ್ದು ಮೂರು ಪ್ರಶ್ನೆ. ಬೆಳಗಿನ ಹಾಜರಿಯನ್ನು ನೀನೇ ನೋಡಿದ್ದೀಯಾ? ಎಷ್ಟು ತೋಟ? ಚಿಕ್ಕ ತೋಟದಲ್ಲೂ ಹೀಗೇನಾ? ಮೂರನೆಯದಕ್ಕೆ ಆಕೆಯ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಸಿದ್ದಾಪುರದ ಕಡೆ ಎರಡು ಚಿಕ್ಕ ತೋಟ ನೋಡಿಕೊಂಡು ಬಂದು ಉತ್ತರ ತಂದರು. ಮುಖ ಗುರುತಿಸುವ ಫೀಚರ್ ಪಕ್ಕಕ್ಕೆ ಹೋಯಿತು.

ಪ್ರಯೋಗ, ಮತ್ತು ಚೀಲದ ಕಡಿತ

ಕೋಡ್ ಬರೆಯುವ ಮೊದಲು ಪ್ರಯೋಗ ಮಾಡುವುದನ್ನು ನಾನು ಕಲಿಸಿದ್ದು ಇಲ್ಲಿ. ಹೊಸ ಸ್ಕ್ರೀನ್ ಹೇಗಿರಬೇಕು ಅಂದುಕೊಂಡಿದ್ದರೋ ಹಾಗೇ ಗೀಟು ಹಾಕಿದ ಒಂದು ಪುಸ್ತಕ ಮಾಡಿಕೊಂಡು, ಮೂರು ಸಂಜೆ ಆಕೆಯೇ ರೈಟರ್ ಪಕ್ಕದಲ್ಲಿ ನಿಂತು ಬರೆದರು. ಒಂದು ಕುಟುಂಬಕ್ಕೆ ಒಂದು ಸಾಲು. ತೂಕ ದೊಡ್ಡ ಅಂಕಿಯಲ್ಲಿ, ಕುಯ್ದವರ ಕಡೆಗೆ ತಿರುಗಿಸಿ. ಮೊದಲು ತೂಕವನ್ನು ಫೋನ್ ಕನ್ನಡದಲ್ಲಿ ಕೂಗಿ ಹೇಳಬೇಕು ಅಂತಲೂ ಅಂದುಕೊಂಡಿದ್ದರು, ಆ ಗಲಾಟೆಯಲ್ಲಿ ಒಂದು ಸಂಜೆ ನಿಂತಮೇಲೆ ಅದನ್ನು ತಾವೇ ಹೊಡೆದುಹಾಕಿದರು. ಮೂರು ಪುಟದ ಕಾಗದ, ಒಂದು ಪೆನ್ನು. ಡೆವಲಪರ್‌ಗಳ ಒಂದು ದಿನವೂ ಖರ್ಚಾಗಲಿಲ್ಲ. ಫೆಬ್ರವರಿ ಮೊದಲ ವಾರಕ್ಕೆ ಆಪಿನಲ್ಲಿ ಆ ಸ್ಕ್ರೀನ್ ಬಂತು, ಸಿಗ್ನಲ್ ಇಲ್ಲದೆಯೂ ಕೆಲಸ ಮಾಡುವ ಹಾಗೆ. ನಾಲ್ಕು ತೋಟಕ್ಕೆ ಕೊಟ್ಟರು.

ಎರಡನೆಯ ವಾರ ಒಂದು ತೋಟ ನಿಲ್ಲಿಸಿತು. ಕಾರಣ ಚೀಲದ ಕಡಿತ. ಖಾಲಿ ಚೀಲದ ತೂಕ, ಹಣ್ಣಿನ ಜೊತೆ ಬಂದ ಎಲೆ ಕಡ್ಡಿ, ಇದಕ್ಕೆ ಅಂತ ರೈಟರ್ ಒಟ್ಟು ತೂಕದಲ್ಲಿ ಸ್ವಲ್ಪ ಬಿಟ್ಟು ಬರೆಯುತ್ತಾರೆ. ಆಕೆ ಅದನ್ನು ನೋಡಿದ್ದರು. ಕುಯ್ಯುವವರಿಗೆ ಅನ್ಯಾಯ ಅನ್ನಿಸಿ ಆಪಿನಲ್ಲಿ ಅದಕ್ಕೆ ಜಾಗ ಇಡಲಿಲ್ಲ. ನೋಟ್‌ಪುಸ್ತಕದಲ್ಲೂ ಬರೆದಿರಲಿಲ್ಲ. ಪರಿಣಾಮ, ತಕ್ಕಡಿಯ ಅಂಕಿ ಒಂದು, ಕೊಡಬೇಕಾದ ದುಡ್ಡಿನ ಅಂಕಿ ಇನ್ನೊಂದು, ಶನಿವಾರ ಬಟವಾಡೆಯಲ್ಲಿ ಜಗಳ.

ಸ್ಥಾಪಕರು ನನಗೆ ಫೋನ್ ಮಾಡಿ, "ನಾನು ಹೋಗಿ ಸರಿ ಮಾಡ್ತೀನಿ, ಆ ಮ್ಯಾನೇಜರ್ ನಂಗೆ ಪರಿಚಯ" ಎಂದರು. ನಾನು ಕೇಳಿದ್ದು ಇಷ್ಟೇ: ಇದು ಚಿಗುರೋ ಮರ ಕಪಾತೋ? ಸ್ವಲ್ಪ ಹೊತ್ತು ಬಿಟ್ಟು, "ಚಿಗುರು" ಅಂದರು. ಎರಡು ದಿನ ಕಾದರು. ಆ ಎರಡು ದಿನ ಅವರಿಗೆ ಎಷ್ಟು ಕಷ್ಟವಾಯಿತು ಅಂತ ನನಗೆ ಗೊತ್ತು, ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು. ಆದರೆ ಆಕೆಗೆ ಮಾಡಲಿಲ್ಲ.

ಆಕೆ ತೋಟಕ್ಕೆ ಹೋಗಿ ರೈಟರ್ ಎದುರು ನೇರವಾಗಿ, "ಅಣ್ಣಾ, ನಾನು ಬೇಕಂತಲೇ ಬಿಟ್ಟೆ, ನಿಮ್ಮನ್ನು ಕೇಳಬೇಕಿತ್ತು, ತಪ್ಪಾಯ್ತು" ಎಂದರು. ವಾಪಸ್ ಬಂದು ಕಡಿತಕ್ಕೆ ಬೇರೆ ಸಾಲು ಹಾಕಿದರು: ಒಟ್ಟು ಇಷ್ಟು, ಚೀಲಕ್ಕೆ ಇಷ್ಟು, ಉಳಿದದ್ದು ಇಷ್ಟು. ಮೂರೂ ಅಂಕಿ ಕುಯ್ದವರಿಗೆ ಕಾಣುವ ಹಾಗೆ. ಮೂರು ತೋಟ ಒಪ್ಪಿದವು, ನಿಲ್ಲಿಸಿದ್ದ ತೋಟವೂ ಅದರಲ್ಲಿ ಸೇರಿತ್ತು. ನಾಲ್ಕನೆಯ ತೋಟದವರು ಕಡಿತ ಕಾಣಿಸುವುದು ಬೇಡ, ಉಳಿದ ತೂಕ ಮಾತ್ರ ತೋರಿಸಿ ಅಂದರು.

ಇದು ಚಿಗುರಲ್ಲ ಅಂತ ಆಕೆಗೆ ಗೊತ್ತಾಯಿತು. ಶುಕ್ರವಾರಕ್ಕೆ ಕಾಯದೆ ಬುಧವಾರವೇ ಒಂದು ಪುಟ ಬರೆದು ಸ್ಥಾಪಕರ ಮೇಜಿನ ಮೇಲೆ ಇಟ್ಟರು. ತಮ್ಮ ಅಭಿಪ್ರಾಯ ಸ್ಪಷ್ಟವಾಗಿ ಬರೆದಿದ್ದರು: ಮುಚ್ಚಿಡಬಾರದು, ತೋಟ ಹೋದರೂ ಪರವಾಗಿಲ್ಲ. ಕೆಳಗೆ, "ಇದು ಒಪ್ಪಂದದ ವಿಷಯ, ತೀರ್ಮಾನ ನಿಮ್ಮದು" ಅಂತ ಇತ್ತು. ಯಾವ ತೀರ್ಮಾನ ತನ್ನದಲ್ಲ ಅಂತ ಗುರುತಿಸುವುದು, ಗುರುತಿಸಿದ ಮೇಲೂ ತನ್ನ ಮಾತು ಹೇಳುವುದು, ಇದು ಹೇಳಿಕೊಟ್ಟರೆ ಬರುವಂಥದ್ದಲ್ಲ. ಈ ಪುಟ ಕಂಡಾಗ ನನ್ನ ಕೆಲಸ ಮುಗಿಯುತ್ತಾ ಬಂತು ಅಂತ ಅನ್ನಿಸಿತು.

ಸ್ಥಾಪಕರು ಒಂದು ರಾತ್ರಿ ಯೋಚಿಸಿದರು. ಮುಚ್ಚಿಡುವುದಿಲ್ಲ ಅಂತ ಆ ತೋಟದವರಿಗೆ ತಾವೇ ಹೋಗಿ ಹೇಳಿದರು. ಆ ತೋಟ ಆಪ್ ಬಿಟ್ಟಿತು. ಅವರ ಗಿರಾಕಿಗಳಲ್ಲಿ ಅದು ದೊಡ್ಡ ತೋಟ, ನಷ್ಟ ಸಣ್ಣದಲ್ಲ. ಬೇರೆ ಮೂರು ತೋಟಗಳಲ್ಲಿ ಮಾರ್ಚ್ ಕೊನೆಯವರೆಗೆ ತೂಕ ಆಪಿನಲ್ಲೇ ಬರೆದರು. ಒಂದರಲ್ಲಿ ರೈಟರ್ ಈಗಲೂ ಪುಸ್ತಕವನ್ನೂ ಜೊತೆಗೆ ಇಟ್ಟುಕೊಂಡಿದ್ದಾರೆ. ಅದನ್ನು ಆಕೆ ಸೋಲು ಅಂತ ಎಣಿಸದೆ ಮುಂದಿನ ವರ್ಷಕ್ಕೆ ಒಂದು ಪ್ರಶ್ನೆಯಾಗಿ ಬರೆದುಕೊಂಡಿದ್ದಾರೆ.

ಹೂ ಮಳೆ ಆದಮೇಲೆ

ಏಪ್ರಿಲಿನಲ್ಲಿ ನನ್ನ ಕೊನೆಯ ಭೇಟಿ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಚೆನ್ನಾಗಿ ಆಗಿತ್ತು, ದಾರಿಯುದ್ದಕ್ಕೂ ತೋಟದವರು ಸಮಾಧಾನದಲ್ಲಿದ್ದರು. ಸೋಮವಾರದ ಮೀಟಿಂಗಿನಲ್ಲಿ ಮತ್ತೆ ಹಿಂದಿನ ಬೆಂಚಿನಲ್ಲಿ ಕೂತು ಎಣಿಸಿದೆ. ಡೆವಲಪರ್‌ಗಳು ಆಕೆಗೆ ಆರು ಪ್ರಶ್ನೆ ಕೇಳಿದರು. ಆರಕ್ಕೂ ಆಕೆಯೇ ಉತ್ತರ ಹೇಳಿದರು. ಒಂದಕ್ಕೆ ಹೇಳಿದ್ದು, "ಇದು ನಂಗೆ ಗೊತ್ತಿಲ್ಲ, ಗುರುವಾರದೊಳಗೆ ನೋಡಿಕೊಂಡು ಬರ್ತೀನಿ." ಸ್ಥಾಪಕರು ಎರಡು ಸಲ ಬಾಯಿ ತೆರೆದು ಹಾಗೇ ಮುಚ್ಚಿದರು. ಅದನ್ನೂ ಬರೆದುಕೊಂಡೆ.

ಶುಕ್ರವಾರದ ಗಂಟೆ ಈಗ ನಾನಿಲ್ಲದೆ ನಡೆಯುತ್ತದೆ. ಸಪೋರ್ಟಿನಲ್ಲಿ ಒಬ್ಬ ಹೊಸ ಹುಡುಗ ಸೇರಿದ್ದಾನೆ. ಮುಂದಿನ ಕುಯ್ಲಿಗೆ ತೂಕದ ಹೊತ್ತಿನಲ್ಲಿ ಅವನನ್ನು ತೋಟಕ್ಕೆ ಕರೆದುಕೊಂಡು ಹೋಗುವುದಾಗಿ ಆಕೆ ಈಗಲೇ ಹೇಳಿಟ್ಟಿದ್ದಾರೆ. ಹೊರಡುವಾಗ ನೋಟ್‌ಪುಸ್ತಕ ತೋರಿಸಿದರು. ಹೊಸ ಪುಟದ ತಲೆಯಲ್ಲಿ, "ಮಳೆಗಾಲದಲ್ಲಿ ಕರೆಂಟೂ ಸಿಗ್ನಲ್ಲೂ ವಾರಗಟ್ಟಲೆ ಇಲ್ಲದಾಗ ತೋಟದವರಿಗೆ ನಮ್ಮ ಆಪ್ ಯಾವುದಕ್ಕೆ ಬೇಕು?" ಅಂತ ಇತ್ತು. ಕೆಳಗೆ ಆಕೆಯ ಊಹೆ, ತಿರುಗಿ ನೋಡುವ ತಾರೀಕು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸ್ಥಾಪಕರ ಅಕ್ಷರ: "ಜೂನಲ್ಲಿ ಯಾವ ತೋಟಕ್ಕೆ ಹೋಗ್ತೀಯಾ? ನಾನೂ ಬರಬಹುದಾ?"